ನಡುವಿಗೆ ಕಟ್ಟಿದ ಹಗುರ ಚೀಲ

೨೦೧೦ರ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಬನಹಟ್ಟಿಯ ನಮ್ಮ ಓಣಿಯ ಹೆಣ್ಣುಮಕ್ಕಳು ಪ್ರತಿ ವರ್ಷದಂತೆ ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ತಯಾರಿಯಲ್ಲಿದ್ದರು. ನಾನೂ ಬರುತ್ತೇನೆ ಎಂದಾಗ ಎಲ್ಲರ ಕಣ್ಣೂ ನನ್ನ ಎಡಗೈ ಮೇಲೆ ಹೋಯಿತು.

ಕಾರಣ ಗೊತ್ತಿತ್ತು. ಹಿಂದಿನ ವರ್ಷ ಮಿರಜದಲ್ಲಿ ನನ್ನ ಎಡ ಎದೆಯ ಗಡ್ಡೆಗೆ ಆಪರೇಶನ್ ಆಗಿತ್ತು. ಕಂಕುಳದವರೆಗೂ ಕೊಯ್ದಿದ್ದರು. ಇನ್ನು ಆ ಕೈಯಲ್ಲಿ, ಆ ಹೆಗಲ ಮೇಲೆ ಭಾರ ಹೊರಬಾರದು, ಹೊತ್ತರೆ ಕೈ ಬಾತುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ನಡೆಯುವುದಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಬೇರೆ ಊರಿನವರಂತೆ ನಮ್ಮ ತಂಡದ ಸಾಮಾನಿಗೆ ಟ್ರ್ಯಾಕ್ಟರ್ ಇರುತ್ತಿರಲಿಲ್ಲ. ಅವರವರ ಗಂಟು ಅವರವರೇ ಹೊರಬೇಕು.

ಪಕ್ಕದ ಮನೆಯ ಕಸ್ತೂರಕ್ಕ ನೇರವಾಗಿ ಕೇಳಿದಳು. "ಸಾವಿತ್ರಿ, ನಡಿಯೂದೇನೋ ನಡೀತಿ. ನಿನ್ನ ಚೀಲ ಯಾರ ಹೊರತಾರವಾ?"

"ನಾನ ಹೊರತೀನಿ," ಎಂದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ನಮ್ಮ ಯಜಮಾನರು ಮೊದಲು ಮೋಟರ್ ಸೈಕಲ್ ಮೇಲೆ ಸಾಮಾನು ಹಾಕಿಕೊಂಡು ಹಿಂದೆಯೇ ಬರುತ್ತೇನೆ ಎಂದರು. ನಾನು ಒಪ್ಪಲಿಲ್ಲ. ವರ್ಷವಿಡೀ ಉಣ್ಣುವುದಕ್ಕೆ, ಏಳುವುದಕ್ಕೆ ಬೇರೆಯವರ ಕೈ ಹಿಡಿದು ಸಾಕಾಗಿತ್ತು. ಇದೊಂದನ್ನು ಯಾರ ಹಂಗಿಲ್ಲದೆ ಮಾಡಬೇಕು ಎನ್ನುವ ಹಟ ನನ್ನದು. ಆಗ ಅವರು ಸ್ವಲ್ಪ ಯೋಚಿಸಿ, "ಹಂಗಾರ ಒಂದ ಮನಷಾಗ ಖರೇನ ಎಷ್ಟ ಸಾಮಾನ ಬೇಕಾಗತಾವ ನೋಡೂಣು," ಎಂದು ನನ್ನ ಗಂಟನ್ನೆಲ್ಲ ಬಿಚ್ಚಿ, ನೂಲು ತೂಗುವ ತಕ್ಕಡಿಯ ಮುಂದೆ ಕೂತರು.

ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಅಲ್ಲಿಯವರೆಗೆ ಆ ತಕ್ಕಡಿ ನೂಲಿನ ಹೊರತು ಬೇರೆ ಏನನ್ನೂ ತೂಗಿರಲಿಲ್ಲ. ಈಗ ನನ್ನ ಸೋಪು, ಬಾಚಣಿಗೆ, ತಂಬಿಗೆ ಎಲ್ಲವೂ ಅದರ ಮೇಲೆ ಏರಿದವು. ತಂಬಿಗೆ ಹೋಗಿ ಸಣ್ಣ ಪ್ಲಾಸ್ಟಿಕ್ ಬಾಟಲಿ ಬಂತು. ಸೋಪು ತುಂಡಾಯಿತು. ಹೊದಿಯುವ ಚಾದರ ಯಾಕೆ ಎಂದು ಕೇಳಿದರು.

"ರಾತ್ರಿ ಥಂಡಿ ಬಿಡತೈತ್ರಿ."

"ಉಡೂದು ಬ್ಯಾರೆ, ಹೊದಿಯೂದು ಬ್ಯಾರೆ ಯಾಕ ಬೇಕು? ಇನ್ನೊಂದ ಸೀರಿ ಇರತೈತೆಲ್ಲಾ, ಅದನ್ನ ನಾಕ ಮಡಿಕಿ ಮಾಡಿ ಹೊದಿ," ಎಂದು ಮಗ್ಗದ ಮನೆಗೆ ಹೋಗಿ ಇದ್ದುದರಲ್ಲೇ ತೆಳ್ಳನೆಯ ನೂಲಿನ ಸೀರೆ ಹುಡುಕಿ ತಂದರು. ಒಗೆದು ಬಿಸಿಲಿಗೆ ಹಾಕಿದರೆ ಊಟ ಮುಗಿಯುವುದರೊಳಗೆ ಒಣಗುತ್ತಿತ್ತು. ವಿಭೂತಿಯ ಗಟ್ಟಿಯನ್ನೂ ಮುರಿಯಲು ಹೋದಾಗ ಮಾತ್ರ ನಾನು ಕೈ ಹಿಡಿದೆ.

ನನಗೂ ಅದರ ಹುಚ್ಚು ಹತ್ತಿತು. ಅಡುಗೆ ಮಾಡುವಾಗಲೂ, ಇದಿಲ್ಲದೆ ಆಗುತ್ತದೆಯೇ, ಅದಿಲ್ಲದೆ ಆಗುತ್ತದೆಯೇ ಎಂದೇ ಯೋಚನೆ. ಹೆಗಲಿಗೆ ಹಾಕುವಂತಿಲ್ಲವಲ್ಲ, ಅದಕ್ಕೆ ಯಜಮಾನರು ಅಗಲವಾದ ಪಟ್ಟಿ ಹಚ್ಚಿ ನಡುವಿಗೆ ಕಟ್ಟುವ ಚೀಲ ಹೊಲಿದುಕೊಟ್ಟರು. ಸಂಜೆ ಅದನ್ನು ಕಟ್ಟಿಕೊಂಡು ಪಕ್ಕದ ರಬಕವಿ ಕಡೆ ನಡೆದು ನೋಡಿದೆ. ಮೊದಲ ಸಲ ಹೆಜ್ಜೆಗೊಮ್ಮೆ ಸೊಂಟಕ್ಕೆ ಬಡಿಯಿತು. ಅದೇ ಸಾಮಾನನ್ನು ಬೆನ್ನಿಗೆ ಒತ್ತುವಂತೆ ಬಿಗಿದು, ನೀರಿನ ಬಾಟಲಿಯನ್ನು ಮುಂದಕ್ಕೆ ಸಿಗಿಸಿದಾಗ ಚೀಲ ಇದೆಯೋ ಇಲ್ಲವೋ ಅನ್ನಿಸಿತು. ತೂಕ ಅದೇ. ಕಟ್ಟಿದ ರೀತಿ ಬದಲಾದರೆ ಇಷ್ಟು ಅಂತರವೇ ಎಂದು ನನಗೆ ಬಹಳ ಸೋಜಿಗವಾಯಿತು.

ಹೊರಡುವ ದಿನ ನನ್ನ ಚೀಲ ನೋಡಿ ಎಲ್ಲರೂ ನಕ್ಕರು. "ಶ್ರೀಶೈಲಕ್ಕ ಹೊಂಟೀಯೋ, ಸಂತಿಗಿ ಹೊಂಟೀಯೋ?" ಎಂದಳು ಒಬ್ಬಳು. ಕಸ್ತೂರಕ್ಕ ಮಾತ್ರ ನಗಲಿಲ್ಲ. ಅವಳ ಬೆನ್ನ ಮೇಲೆ ದೊಡ್ಡ ಗಂಟು. ಇಡೀ ಅಡುಗೆಮನೆ ಕಟ್ಟಿಕೊಂಡಿದ್ದಾಳೆ ಎಂದುಕೊಂಡೆ.

ಮೊದಲ ದಿನ ಜಮಖಂಡಿಯ ಮಠದಲ್ಲಿ ವಸ್ತಿ. ನನ್ನ ಕೈ ಬಾತಿರಲಿಲ್ಲ. ಮರುದಿನ ಬೀಳಗಿಯ ದಾರಿಯಲ್ಲಿ ನಾನು ಎಲ್ಲರಿಗಿಂತ ಹುರುಪಿನಿಂದ ನಡೆದೆ. ಮಧ್ಯಾಹ್ನದ ಬಿಸಿಲು ಏರಿದಂತೆ ಕಸ್ತೂರಕ್ಕ ಹಿಂದೆ ಬಿದ್ದಳು. ಉಳಿದವರಿಗೆ ಮುಂದೆ ಹೋಗಿರಿ ಎಂದು ಹೇಳಿ ನಾನು ಅವಳ ಜೊತೆ ನಿಂತೆ.

"ಗಂಟಿನಾಗಿಂದ ಒಂದಿಷ್ಟ ನನಗ ಕೊಡಕ್ಕಾ," ಎಂದರೆ, "ನೀ ಸುಮ್ನ ನಡೀ ಬೇ," ಎಂದು ಗದರಿದಳು.

ಸ್ವಲ್ಪ ದೂರ ಹೋಗುವುದರೊಳಗೆ ಒಂದು ಜಾಲಿ ಗಿಡದ ಕೆಳಗೆ ಕುಸಿದು ಕೂತಳು. ಮುಖ ಕೆಂಪಗಾಗಿತ್ತು, ಮೈಯಲ್ಲಿ ಬೆವರೇ ಇರಲಿಲ್ಲ. ಏನೋ ಕೇಳಿದರೆ ಏನೋ ಹೇಳಿದಳು. ನನ್ನನ್ನು ತನ್ನ ಮಗಳ ಹೆಸರಿನಿಂದ ಕರೆದಳು. ಇಬ್ಬರ ಬಾಟಲಿಯೂ ಖಾಲಿ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ.

ದೂರದಲ್ಲಿ ಕಬ್ಬಿನ ಹಸಿರು ಕಾಣಿಸಿತು. ಹಸಿರಿದ್ದಲ್ಲಿ ನೀರಿರಲೇಬೇಕು ಎಂದು ಓಡಿದೆ. ಆಪರೇಶನ್ ಆದಮೇಲೆ ಓಡಿದ್ದು ಅದೇ ಮೊದಲು. ಕಾಲುವೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಎದ್ದು ನಿಂತಳು. "ಅಕ್ಕಾರ, ನೀರ ಕೊಡ್ರಿ, ನಮ್ಮಾಕಿ ಬಿದ್ದಾಳ್ರಿ," ಎಂದೆ. ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಕೊಡ ತುಂಬಿ ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆಯೇ ನಡೆದಳು.

ಅವಳ ಹೆಸರು ಯಲ್ಲವ್ವ. ಕಸ್ತೂರಕ್ಕನ ನೆತ್ತಿಗೆ, ಕುತ್ತಿಗೆಗೆ ನೀರು ಸುರಿದು, ಒದ್ದೆ ಸೆರಗಿನಿಂದ ಗಾಳಿ ಹಾಕಿದಳು. ಕಸ್ತೂರಕ್ಕ ಕಣ್ಣು ತೆರೆದು, "ಸಾವಿತ್ರಿ, ನಿನ್ನ ಕೈ ಹೆಂಗೈತಿ?" ಎಂದಾಗ ನನಗೆ ಜೀವ ಬಂದಂತಾಯಿತು. ಗುಟುಕು ಗುಟುಕಾಗಿ ನೀರು ಕುಡಿಸಿದ ಮೇಲೆ ಇಬ್ಬರೂ ಸೇರಿ ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೊಲದ ಮನೆಗೆ ಕರೆದೊಯ್ದೆವು. ಆ ಗಂಟನ್ನು ಯಲ್ಲವ್ವನೇ ಹೊತ್ತಳು.

ಮಜ್ಜಿಗೆ ಕುಡಿದು ಕಸ್ತೂರಕ್ಕ ಮಲಗಿದ ಮೇಲೆ ಯಲ್ಲವ್ವನ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ಬಿಚ್ಚಿಸಿ ಒಂದೊಂದೇ ನೋಡಿದಳು. "ಇಷ್ಟರಾಗ ಶ್ರೀಶೈಲ ಮುಟ್ಟತೀಯೇನವಾ? ಡ್ಯಾಮಿನ ನೀರ ಬಂದಾಗ ನಾವು ಊರ ಬಿಟ್ಟ್ವಿ. ಬಾಗಲಾ, ತೊಲಿ, ಖಾರ ಕುಟ್ಟೂ ಒಳ್ಳಕಲ್ಲು, ಒಂದೂ ಬಿಡದಂಗ ಹೇರಕೊಂಡ ಬಂದ್ವಿ. ಒಳ್ಳ ಇನ್ನೂ ಹಿತ್ತಲದಾಗ ಬಿದ್ದೈತಿ. ಏನ ಬಿಡಬೇಕಂತ ನಿನಗ ಹೆಂಗ ತಿಳೀತು?" ನಾನು ತಕ್ಕಡಿಯ ಕಥೆ ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ಒಳಗೊಳಗೇ ಹೆಮ್ಮೆ ಅನ್ನಿಸಿತು.

ಕಸ್ತೂರಕ್ಕನ ಬಟ್ಟೆ ಒದ್ದೆಯಾಗಿತ್ತು. ಒಣ ಸೀರೆ ತೆಗೆಯಲು ಅವಳ ಗಂಟು ಬಿಚ್ಚಿದೆ. ಮೇಲೆಯೇ ಹೊದಿಯುವ ಎರಡು ಕೌದಿ. ಇವಳಿಗೆ ಎರಡೇಕೆ ಎಂದು ಅಚ್ಚರಿಯಾಯಿತು. ಅದರ ಕೆಳಗೆ ಬಿಸಿನೀರಿನ ರಬ್ಬರ್ ಚೀಲ, ನೋವಿನೆಣ್ಣೆ, ಅಗಲವಾದ ಬ್ಯಾಂಡೇಜು. ಎಲ್ಲಕ್ಕಿಂತ ತಳದಲ್ಲಿ ಹಳೇ ಸೀರೆಯಿಂದ ಹೊಲಿದ, ಹತ್ತಿ ತುಂಬಿದ ಗಿಡ್ಡನೆಯ ದಿಂಬು. ತಲೆಗೆ ಇಡುವಂಥದ್ದಲ್ಲ.

ಅಷ್ಟರಲ್ಲಿ ಅವಳಿಗೆ ಎಚ್ಚರವಾಯಿತು. "ಇದೇನಕ್ಕಾ?" ಎಂದೆ.

ಸಿಕ್ಕಿಬಿದ್ದವಳಂತೆ ಆಚೆ ಮುಖ ಮಾಡಿದಳು. "ಮಲಗುಮುಂದ ನಿನ್ನ ಕೈ ಎತ್ತರಕ್ಕ ಇಡಾಕ ಡಾಕ್ಟರ ಹೇಳಿದ್ರಲ್ಲಾ? ನೀವು ಗಂಡಾ ಹೆಂಡ್ತಿ ತಕ್ಕಡಿ ಮುಂದ ಕುಂತ ಎಲ್ಲಾ ತಗದ ಹಾಕಿದ್ರಿ. ದಾರ್ಯಾಗ ಏನರ ಆದ್ರ?"

"ನಿನ್ನೆ ಯಾಕ ಕೊಡಲಿಲ್ಲಾ?"

"ನಿನ್ನೆ ಕೈ ಬಾತಿರಲಿಲ್ಲಲ್ಲಾ. ಕೊಟ್ಟಿದ್ರ ನೀನ ಹೊರತೀನಂತ ಹಟಾ ಮಾಡತಿದ್ದಿ."

ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತುಬಿಟ್ಟೆ. ಯಲ್ಲವ್ವ ಏನೂ ಅರ್ಥವಾಗದೆ ನನ್ನ ಬೆನ್ನು ಸವರಿದಳು.

ಆ ರಾತ್ರಿ ಅಲ್ಲಿಯೇ ಉಳಿದೆವು. ಕೌದಿಗಳನ್ನೂ ಬೇಡವೆನಿಸಿದ ಉಳಿದ ಸಾಮಾನುಗಳನ್ನೂ ಯಲ್ಲವ್ವನ ಮನೆಯಲ್ಲೇ ಬಿಟ್ಟೆವು. ದಿಂಬನ್ನು ನಾನೇ ನನ್ನ ಚೀಲದ ಮೇಲೆ ಬಿಗಿದುಕೊಂಡೆ. ಕಸ್ತೂರಕ್ಕ ಬೈದಳು, ನಾನು ಕೇಳಲಿಲ್ಲ. ಬೀಳಗಿಯಲ್ಲಿ ತಂಡದವರು ನಮಗಾಗಿ ಕಾದಿದ್ದರು. ಮುಂದೆ ಕಾಡುದಾರಿಯಲ್ಲಿ ನನ್ನ ಕೈ ಒಮ್ಮೆ ಬಾತಿದ್ದು ಹೌದು. ಆಗ ಆ ದಿಂಬೇ ಉಪಯೋಗಕ್ಕೆ ಬಂತು. ಇಬ್ಬರೂ ಕೈ ಕೈ ಹಿಡಿದು ಮಲ್ಲಯ್ಯನ ಗುಡಿಯ ಮೆಟ್ಟಿಲು ಹತ್ತಿದೆವು.

ಯಾರ ಹಂಗೂ ಇಲ್ಲದೆ ಹೊರಟೆ ಎಂದುಕೊಂಡಿದ್ದ ನನಗೆ ಅಂದಿನಿಂದ ಒಂದು ರೂಢಿ ಬಿದ್ದಿದೆ. ಎಲ್ಲಿಗೇ ಹೊರಡಲಿ, ನಾನು ಕಡಿಮೆ ಸಾಮಾನನ್ನೇ ಕಟ್ಟುತ್ತೇನೆ. ಆದರೆ ಹೊರಡುವ ಮೊದಲು ಜೊತೆಗೆ ಬರುವವರ ಚೀಲವನ್ನು ಬಲಗೈಯಿಂದ ಒಮ್ಮೆ ಎತ್ತಿ ನೋಡುತ್ತೇನೆ. ಭಾರವೆನಿಸಿದರೆ ಬಿಚ್ಚಿಸಿ, ಇದು ಯಾರಿಗೆ, ಅದು ಯಾರಿಗೆ ಎಂದು ಕೇಳುತ್ತೇನೆ.