ಬೂಟು ಎಂದರೆ ಆತ್ಮದ ಪ್ರಯಾಣ

ಲೋರ್ನಾ ಹೌಗನ್ ಬಂದು ನನ್ನ ಪಕ್ಕದ ಕುರ್ಚಿಗೆ ಕೈಯಿಟ್ಟಾಗ ನಾನು ಎದ್ದು ನಿಂತುಬಿಟ್ಟೆ. ನನಗೀಗ ನಲವತ್ತೆರಡು ವರ್ಷವಾದರೇನು, ಅಯೋವಾದ ಈ ಊರಿನ ಹೈಸ್ಕೂಲಿನಲ್ಲಿ ನನಗೆ ಪದ್ಯ ಪಾಠ ಮಾಡಿದವರು ಅವರೇ.

"ಕೂತ್ಕೊಳೋ ಡೇಲ್. ಈಗ ಇಬ್ರೂ ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳು," ಅಂದರು.

ಗಾಣವೆಂದರೆ ಉತ್ತರ ತಿದ್ದುವ ಕೆಲಸ. ಮುಚ್ಚಿಹೋಗಿದ್ದ ಸೂಪರ್‌ಮಾರ್ಕೆಟ್ಟೊಂದನ್ನು ಬಾಡಿಗೆಗೆ ಹಿಡಿದು, ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ, ನೂರು ಕಂಪ್ಯೂಟರ್ ಇಟ್ಟಿದ್ದರು. ಯಾವುದೋ ರಾಜ್ಯದ ಮಕ್ಕಳು ಬರೆದದ್ದು ಪರದೆಯ ಮೇಲೆ ಬರುತ್ತದೆ, ಹೆಸರಿಲ್ಲದೆ. ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕ ಒತ್ತಬೇಕು. ಅದೇ ಉತ್ತರವನ್ನು ಇನ್ನೊಬ್ಬರೂ ಓದುತ್ತಾರೆ. ಯಾರೆಂದು ಹೇಳುವುದಿಲ್ಲ. ಇಬ್ಬರ ಅಂಕ ತೀರಾ ದೂರವಾದರೆ ಮೇಲ್ವಿಚಾರಕಿ ಕೆಂಡ್ರಾ ಬರುತ್ತಾಳೆ. ಹೀಗೆ ಎರಡು ಸಲ ಎಡವಿದರೆ ಮನೆಗೆ.

ನಾಲ್ಕು ವಾರದಿಂದ ಒಂದೇ ಪ್ರಶ್ನೆ. ಹಳೆಯ ಪದ್ಯವೊಂದರಲ್ಲಿ ಸಾಯುತ್ತಿರುವ ರೈತ ಮೂರು ಸಲ ತನ್ನ ಬೂಟು ಕೇಳುತ್ತಾನೆ. ಯಾರೂ ತರುವುದಿಲ್ಲ. ಬೆಳಕು ಹರಿಯುವಾಗ ಹೋಗಿಬಿಡುತ್ತಾನೆ. ಬೂಟು ಯಾವುದರ ಸಂಕೇತ? ಅಂಕ ಹಾಕಲು ನಮಗೆ ಕೊಟ್ಟಿದ್ದ ಗೈಡಿನಲ್ಲಿ ದಪ್ಪ ಅಕ್ಷರದಲ್ಲಿತ್ತು: ಆತ್ಮದ ಕೊನೆಯ ಪ್ರಯಾಣ. ದಿನಕ್ಕೆ ಇನ್ನೂರು ಮಕ್ಕಳು ಇದನ್ನೇ ಬರೆದು ನಮ್ಮ ತಲೆ ಚಿಟ್ಟು ಹಿಡಿಸಿದ್ದರು.

ಎರಡನೇ ವಾರದಿಂದ ಲೋರ್ನಾ ಟೀಚರ್ ಬಾಡತೊಡಗಿದರು. ತಂದ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಹಾಗೇ ವಾಪಸ್ ಒಯ್ಯುತ್ತಿದ್ದರು.

"ಆಗದಿದ್ರೆ ಬಿಟ್ಬಿಡಿ ಟೀಚರ್, ನಿಮಗೇನು ದರ್ದು?" ಅಂದೆ.

"ಮನೇಲಿದ್ರೆ ಆ ಕಪಾಟು ನೋಡ್ಕೊಂಡಿರ್ಬೇಕು ಕಣೋ. ಇಲ್ಲಿ ಇದು. ನಾನೆಲ್ಲಿಗೆ ಹೋಗ್ಲಿ ಹೇಳು?"

ಯಾವ ಕಪಾಟೋ ನನಗೆ ಗೊತ್ತಾಗಲಿಲ್ಲ. ಗಂಡ ಆರಿನ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ.

ಆ ಗುರುವಾರ ನನ್ನ ಪರದೆಗೆ ಒಂದು ಪುಟ್ಟ ಉತ್ತರ ಬಂತು. "ನನ್ನ ಅಜ್ಜನೂ ಬೂಟು ಕೇಳಿದರು. ನಾವು ತಂದುಕೊಟ್ಟೆವು. ಹಾಸಿಗೆಯಲ್ಲೇ ಹಾಕಿಕೊಂಡು ಸುಮ್ಮನಾದರು. ಪದ್ಯದ ಮನೆಯವರೂ ತಂದುಕೊಡಬೇಕಿತ್ತು. ಅದು ಬೂಟು ಅಷ್ಟೇ." ಸಂಕೇತ ಗುರುತಿಸಿಲ್ಲ. ಒಂದು ಅಂಕ ಒತ್ತಿ ಕಾಫಿ ಲೋಟಕ್ಕೆ ಕೈ ಹಾಕಿದೆ.

ಸ್ವಲ್ಪ ಹೊತ್ತಿಗೆ ಕೆಂಡ್ರಾ ನಮ್ಮ ಸಾಲಿಗೇ ಬಂದಳು.

"ಲೋರ್ನಾ ಅವ್ರೇ, ಈ ಅಜ್ಜನ ಉತ್ತರಕ್ಕೆ ನಾಲ್ಕು ಕೊಟ್ಟಿದ್ದೀರಲ್ಲ, ಕೈ ತಪ್ತಾ?"

ನಾನು ಪರದೆಯಲ್ಲಿ ಮುಖ ಹುದುಗಿಸಿದೆ.

"ಕೈ ತಪ್ಪಿಲ್ಲ. ಪದ್ಯ ಅರ್ಥವಾಗಿರೋದು ಆ ಮಗು ಒಂದಕ್ಕೇ."

"ನಿಮಗೆ ಅನ್ಸಿದ್ದಲ್ಲ, ಗೈಡಲ್ಲಿರೋದು ಬೇಕು. ಇನ್ನೊಬ್ರು ಒಂದು ಕೊಟ್ಟಿದ್ದಾರೆ. ಅದೇ ಖಾಯಂ. ಊಟ ಆದ್ಮೇಲೆ ನೀವು ಕೆಲ್ಸಕ್ಕೆ ಸೇರುವಾಗಿನ ಅಭ್ಯಾಸದ ಪರೀಕ್ಷೆ ಇನ್ನೊಂದ್ಸಲ ಬರೀಬೇಕಾಗತ್ತೆ."

ಊಟಕ್ಕೆ ಅವರ ಪಿಕಪ್ಪಿನಲ್ಲಿ ಕೂತೆವು. ಗಾಜು ಇಳಿಸಲಿಲ್ಲ. ಅವರೇ ಶುರು ಮಾಡಿದರು.

"ಆರಿನ್ ಮೂರು ದಿನ ಬೂಟು ಕೇಳಿದ ಕಣೋ. ಬೂಟಿದ್ದ ಕಪಾಟು ಹಾಸಿಗೆಯಿಂದ ನಾಲ್ಕು ಹೆಜ್ಜೆ. ನಾನೇನ್ಮಾಡ್ದೆ ಗೊತ್ತಾ? ಕೈ ಹಿಡ್ಕೊಂಡು, ‘ಹೊರಡು ಆರಿನ್, ನಮ್ಮ ಚಿಂತೆ ಬಿಡು’ ಅಂದೆ. ಇಪ್ಪತ್ತಾರು ವರ್ಷ ಆ ಪದ್ಯ ಪಾಠ ಮಾಡಿದ ಬುದ್ಧಿವಂತೆ ನೋಡು! ಅವನಿಗೆ ಸಿಟ್ಟು ಬಂತು. ‘ಎಲ್ಲಿಗೇ ಹೊರಡ್ಲಿ? ಕಾಲು ತಣ್ಣಗಾಗಿದೆ’ ಅಂದ. ಅದಕ್ಕೂ ನಾನೊಂದು ಅರ್ಥ ಹಚ್ಚಿದೆ. ಸಾಯೋವರೆಗೂ ನನ್ನನ್ನ ಹೇಗೆ ನೋಡ್ತಿದ್ದ ಗೊತ್ತಾ, ಯಾರೋ ಗುರುತಿಲ್ಲದವಳನ್ನ ನೋಡೋ ಹಾಗೆ."

ಅವರು ಕಣ್ಣೊರೆಸಿಕೊಳ್ಳಲಿಲ್ಲ, ಸುಮ್ಮನೆ ಹರಿಯಲು ಬಿಟ್ಟರು.

"ಆ ಮಗೂನಾದ್ರೂ ಗೆಲ್ಲಿಸೋಣ ಅಂದ್ಕೊಂಡೆ. ಯಾವ ಪುಣ್ಯಾತ್ಮನೋ ಒಂದು ಒತ್ತಿದ್ದಾನೆ!"

ಸುಮ್ಮನಿರಬಹುದಿತ್ತು. ಆಗಲಿಲ್ಲ.

"ಟೀಚರ್, ಅದು ನಾನೇ."

ಅವರು ನನ್ನ ಕಡೆ ತಿರುಗಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಎಷ್ಟು ಹೊತ್ತು ಓದ್ದೆ?"

"ಇಪ್ಪತ್ತು ಸೆಕೆಂಡು."

"ಅಷ್ಟು ಬೇಗ ಹೇಗೋ ಗೊತ್ತಾಯ್ತು, ತಪ್ಪು ಅಂತ?"

ಹನ್ನೊಂದನೇ ಕ್ಲಾಸಿನಲ್ಲಿ ನಾನೂ ಬೂಟು ಅಂದರೆ ಬೂಟು ಅಂತಲೇ ಬರೆದಿದ್ದೆ. ಅವರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ, ಪಕ್ಕದಲ್ಲಿ ಸರಿಯುತ್ತರ ಬರೆದುಕೊಟ್ಟಿದ್ದರು. ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಾನೇ ಅಲ್ವಾ ಹೇಳ್ಕೊಟ್ಟಿದ್ದು," ಅಂದರು ಮೆಲ್ಲಗೆ.

ಒಳಗೆ ಹೋಗಿ ಪರೀಕ್ಷೆಗೆ ಕೂತರು. ಬೂಟು ಎಂದರೇನು ಎಂದು ಪರದೆ ಹತ್ತು ಸಲ ಕೇಳಿತು. ಹತ್ತು ಸಲವೂ ಸರಿಯುತ್ತರ ಒತ್ತಿದರು.

"ಹತ್ತಕ್ಕೆ ಹತ್ತು! ಟೀಚರ್ ಅಂದ್ರೆ ಟೀಚರ್!" ಎಂದು ಕೆಂಡ್ರಾ ಚಪ್ಪಾಳೆ ತಟ್ಟಿದಳು.

ಲೋರ್ನಾ ಟೀಚರ್ ಕನ್ನಡಕ ಸರಿಮಾಡಿಕೊಂಡು ಮುಂದಿನ ಉತ್ತರ ತೆರೆದರು.