ಪಲ್ಲವಿಯ ಅಪ್ಪ ಹಿಸ್ಟರಿ ಬೇಡ ಎಂದದ್ದು

2016ನೆಯ ಇಸವಿ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಒಂದು ಹೈಸ್ಕೂಲಿನಲ್ಲಿ ನಾನು ಅಮೆರಿಕದ ಇತಿಹಾಸದ ಟೀಚರ್ ಆಗಿದ್ದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಟೆಕ್ಸಸ್‌ಗೆ ಬಂದವಳು ನಾನು. ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ಬದಲಿ ಶಿಕ್ಷಕಿಯಾಗಿ ಶುರುಮಾಡಿ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದೆ. ಗಂಡನಿಗೆ ಇಲ್ಲಿನ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಸೀಡರ್ ಪಾರ್ಕಿಗೆ ಶಿಫ್ಟ್ ಆದೆವು. ಟೆಕ್ಸಸ್ಸಿನ ಮಕ್ಕಳಿಗೆ ಅವರದೇ ದೇಶದ ಚರಿತ್ರೆಯನ್ನು ಮೈಸೂರಿನವಳೊಬ್ಬಳು ಹೇಳಿಕೊಡುತ್ತಾಳೆಂದು ನೆಂಟರಿಷ್ಟರು ನಗುತ್ತಿದ್ದರು. ಮೊದಮೊದಲು ನನಗೂ ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಮಕ್ಕಳಿಗೆ ನನಗಿಂತ ಬೇಗ.

ಆ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದು, ಹನ್ನೊಂದನೆಯ ತರಗತಿಗೆ ಎ.ಪಿ. ಹಿಸ್ಟರಿ ಶುರುಮಾಡಿ ಎಂದರು. ಎ.ಪಿ. ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲಿ ಕೂತೇ ಓದುವ ಕಾಲೇಜು ಮಟ್ಟದ ಕೋರ್ಸ್. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಅದರಲ್ಲಿ ಚೆನ್ನಾಗಿ ಮಾಡಿದವರು ಎಷ್ಟೋ ಕಾಲೇಜುಗಳಲ್ಲಿ ಆ ವಿಷಯವನ್ನು ಮತ್ತೆ ಓದಬೇಕಾಗಿಲ್ಲ. ನಮ್ಮ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಇಂಥ ಕೋರ್ಸುಗಳಿದ್ದವು, ಇತಿಹಾಸಕ್ಕೆ ಇರಲಿಲ್ಲ. ಅದಕ್ಕಾಗಿ ಬೇಸಿಗೆ ರಜೆಯಲ್ಲಿ ಡಾಲಸ್‌ಗೆ ಹೋಗಿ ಒಂದು ವಾರ ತರಬೇತಿ ಪಡೆದು ಬಂದೆ.

ಆ ಒಂದು ವಾರದಲ್ಲಿ ನನಗೆ ಸಾಕೋ ಸಾಕಾಯಿತು. ನಾವು ಟೀಚರುಗಳೇ ಮಕ್ಕಳಂತೆ ಬೆಂಚಿನ ಮೇಲೆ ಕೂತು ಪ್ರಬಂಧ ಬರೆಯಬೇಕು. ಒಂದು ಪ್ರಶ್ನೆ ಕೊಟ್ಟು, ಜೊತೆಗೆ ಏಳು ಹಳೆಯ ದಾಖಲೆಗಳನ್ನು ಕೈಗಿಡುತ್ತಾರೆ. ಒಂದು ಪತ್ರ, ಒಂದು ಭಾಷಣ, ಒಂದು ವ್ಯಂಗ್ಯಚಿತ್ರ, ಹೀಗೆ. ಅವನ್ನು ಸಾಕ್ಷಿಯಾಗಿ ಬಳಸಿ ನಿಮ್ಮ ವಾದವನ್ನು ಮಂಡಿಸಬೇಕು. ಗೊತ್ತಿರುವುದನ್ನೆಲ್ಲ ಸುರಿದರೆ ಅಂಕವಿಲ್ಲ. ಬಾಯಿಪಾಠ ಮಾಡಿಯೇ ರ‍್ಯಾಂಕ್ ಪಡೆದವಳು ನಾನು. ನನ್ನ ಮೊದಲ ಪ್ರಬಂಧ ಕೆಂಪು ಗೆರೆಗಳನ್ನು ಹೊತ್ತು ವಾಪಸ್ಸು ಬಂತು. ಮನೆಗೆ ಬಂದು ಗಂಡನ ಹತ್ತಿರ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಆಗಸ್ಟಿನಲ್ಲಿ ಶಾಲೆ ಶುರುವಾದ ಮೊದಲ ದಿನ ನಾನು ಪುಸ್ತಕ ತೆರೆಸಲಿಲ್ಲ. ಟೆಕ್ಸಸ್ ಇನ್ನೂ ಮೆಕ್ಸಿಕೋಗೆ ಸೇರಿದ್ದ ಕಾಲದ ಜಾಹೀರಾತುಗಳ ಧಾಟಿಯಲ್ಲಿ ನಾನೇ ಒಂದನ್ನು ಬರೆದು ಹಂಚಿದೆ. ಇಲ್ಲಿನ ಮಣ್ಣು ಬಂಗಾರ, ಗಾಳಿ ಅಮೃತ, ಜ್ವರ ಎಂಬುದೇ ಇಲ್ಲ, ಬನ್ನಿ ಎಂದು ಅದು ಕರೆಯುತ್ತಿತ್ತು. ಮಕ್ಕಳು ಓದಿ ಟೆಕ್ಸಸ್ ಎಷ್ಟು ಚೆನ್ನಾಗಿತ್ತು ಎಂದರು. 'ಇದನ್ನು ಬರೆದವನು ಯಾರು?' ಎಂದು ಕೇಳಿದೆ. ಹಾಳೆಯ ಕೆಳಗಿದ್ದ ಸಹಿ ನೋಡಿದರು. ಜಮೀನು ಮಾರುವವನು! ಇಡೀ ಕ್ಲಾಸು ಗೊಳ್ಳೆಂದಿತು. ಹೈವೇ ಪಕ್ಕದ ಮನೆಯನ್ನು ಮಾರುವ ಏಜೆಂಟು ಲಾರಿಗಳ ಸದ್ದಿನ ಬಗ್ಗೆ ಎಂದಾದರೂ ಬಾಯಿ ಬಿಟ್ಟಿದ್ದಾನೆಯೇ? ಹಾಗಾಗಿ ಯಾವ ಮಾತನ್ನು ಓದಿದರೂ ಮೊದಲು ಕೇಳಬೇಕಾದದ್ದು ಇಷ್ಟು: ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಈಗಲೇ ಯಾಕೆ ಹೇಳುತ್ತಿದ್ದಾರೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸೋರ್ಸಿಂಗ್ ಎನ್ನುತ್ತೇವೆ.

ಆ ಕ್ಲಾಸಿನಲ್ಲಿದ್ದ ಒಬ್ಬಳೇ ಕನ್ನಡದ ಹುಡುಗಿ ಪಲ್ಲವಿ. ಹದಿನಾರು ವರ್ಷ, ಅಪ್ಪ ಅಮ್ಮ ಹುಬ್ಬಳ್ಳಿಯವರು. ಅವಳ ಜ್ಞಾಪಕಶಕ್ತಿ ನಮ್ಮ ಕನ್ನಡಿಗರ ನಡುವೆ ಹೆಸರುವಾಸಿಯಾಗಿತ್ತು. ಯುಗಾದಿ ಕಾರ್ಯಕ್ರಮದಲ್ಲಿ ಅವಳು ವೇದಿಕೆ ಹತ್ತಿ ಶ್ಲೋಕ ಶುರುಮಾಡಿದರೆ ಉಳಿದ ಮಕ್ಕಳ ತಾಯಂದಿರು ಸಪ್ಪಗಾಗುತ್ತಿದ್ದರು. ಹೊರಗೆ ಅವಳಿಗೆ ನಾನು ಆಂಟಿ, ಕ್ಲಾಸಿನಲ್ಲಿ ಮಿಸ್. ಒಂದು ದಿನ ಮರೆತು ಎಲ್ಲರ ಮುಂದೆ ಆಂಟಿ ಎಂದುಬಿಟ್ಟಳು. ಅಂದಿನಿಂದ ಆರಡಿ ಎತ್ತರದ ಫುಟ್‌ಬಾಲ್ ಹುಡುಗರೂ ನನ್ನನ್ನು ಆಂಟಿ ಎಂದೇ ಕರೆಯತೊಡಗಿದರು. ನಾನು ಗದರಿದಂತೆ ಮಾಡಿದೆ, ಆದರೆ ಒಳಗೊಳಗೇ ಖುಷಿಯಾಗಿತ್ತು.

ಸೆಪ್ಟೆಂಬರ್ ಕೊನೆಗೆ ಮೊದಲ ಪ್ರಬಂಧ ಬರೆಸಿದೆ. ಟೆಕ್ಸಸ್ಸಿನ ವಲಸಿಗರು ಮೆಕ್ಸಿಕೋದಿಂದ ಬೇರೆಯಾಗಲು ಮುಖ್ಯ ಕಾರಣ ಯಾವುದು ಎಂಬುದು ಪ್ರಶ್ನೆ. ಪಲ್ಲವಿಯ ಉತ್ತರದಲ್ಲಿ ಜಮೀನು, ಸುಂಕ, ಗುಲಾಮಗಿರಿ, ಸೈನ್ಯ, ಎಲ್ಲವೂ ಇಸವಿಗಳ ಸಮೇತ ಬಂದಿದ್ದವು. ಇವುಗಳಲ್ಲಿ ಮುಖ್ಯವಾದದ್ದು ಯಾವುದು ಎಂದು ಮಾತ್ರ ಒಂದು ಸಾಲೂ ಇರಲಿಲ್ಲ. ಏಳಕ್ಕೆ ಎರಡು ಅಂಕ ಕೊಟ್ಟೆ. ಪ್ರತಿ ವರ್ಷದ ಕೊನೆಗೆ ಎಲ್ಲ ವಿಷಯದಲ್ಲೂ ಮೊದಲ ಸ್ಥಾನದಲ್ಲೇ ಇರುತ್ತಿದ್ದ ಹುಡುಗಿ ಹಾಳೆಯನ್ನು ನೋಡಿ, ಮಡಚಿ ಬ್ಯಾಗಿಗೆ ಹಾಕಿಕೊಂಡು ತೆಪ್ಪಗೆ ಹೋದಳು.

ಮುಂದಿನ ಸೋಮವಾರ ಅವಳ ಅಪ್ಪನ ಫೋನ್ ಬಂತು. ವಿರೂಪಾಕ್ಷ ಅವರು ಐ.ಟಿ. ಕನ್ಸಲ್ಟೆಂಟ್. ಡಾಲಸ್ ಬಳಿಯ ಲಾಸ್ ಕೊಲಿನಾಸ್‌ನಲ್ಲಿ ಅವರ ಕೆಲಸ, ಮೂರು ಗಂಟೆಯ ದಾರಿ. ಸೋಮವಾರ ಬೆಳಗಿನ ಜಾವ ಕಾರು ಹತ್ತಿ ಹೋದರೆ ಗುರುವಾರ ಸಂಜೆ ವಾಪಸ್ಸು, ಶುಕ್ರವಾರ ಮನೆಯಿಂದಲೇ ಕೆಲಸ. ಅಷ್ಟು ದೂರ ಡ್ರೈವ್ ಮಾಡಿಯೂ ದನಿಯಲ್ಲಿ ದಣಿವಿರಲಿಲ್ಲ.

"ಮೇಡಂ, ಪಲ್ಲವಿ ಅಪ್ಪ ಮಾತಾಡ್ತೀನ್ರಿ. ಒಂದ ಇಸ್ವಿ ತಪ್ಪಿಲ್ಲ, ಒಂದ ಹೆಸರು ತಪ್ಪಿಲ್ಲ. ಏಳಕ್ಕ ಎರಡು ಹ್ಯಾಂಗ್ರಿ?"

"ಬರೆದಿರೋದೆಲ್ಲ ಸರಿಯಾಗಿದೆ ಸರ್. ಆದರೆ ಅವಳ ಅಭಿಪ್ರಾಯ ಏನು ಅಂತ ಎಲ್ಲೂ ಹೇಳಿಲ್ಲ."

"ಹದಿನಾರು ವರ್ಷದ ಹುಡುಗಿ, ಅಕಿದೇನು ಅಭಿಪ್ರಾಯ ಇರ್ತದ್ರಿ? ಎಂಜಿನಿಯರಿಂಗ್ ಓದಾಕಿ. ಈ ಕ್ಲಾಸು ಸಾಕು. ರೆಗ್ಯುಲರ್ ಹಿಸ್ಟರಿಗೆ ಹಾಕಿಬಿಡ್ರಿ."

ಕ್ಲಾಸು ಬದಲಾಯಿಸಲು ಆ ಶುಕ್ರವಾರವೇ ಕಡೆಯ ದಿನ. ಅದಕ್ಕೆ ಪೋಷಕರು ಶಾಲೆಗೆ ಬಂದು ಟೀಚರನ್ನು ಕಂಡು ಸಹಿ ಹಾಕಬೇಕು. ಶುಕ್ರವಾರ ಮಧ್ಯಾಹ್ನ ಬರುತ್ತೇನೆಂದು ಹೇಳಿ ಅವರು ಫೋನ್ ಇಟ್ಟರು.

ಬುಧವಾರ ಊಟದ ಬಿಡುವಿನಲ್ಲಿ ಪಲ್ಲವಿ ನನ್ನ ರೂಮಿಗೆ ಬಂದಳು. ಅಂಕ ಹೆಚ್ಚಿಸಿ ಎಂದು ಕೇಳುತ್ತಾಳೇನೋ ಅಂದುಕೊಂಡೆ. ಅವಳು ಕೇಳಿದ್ದು ಬೇರೆ. ಬೇರೆ ಕ್ಲಾಸುಗಳಲ್ಲಿ ಟೀಚರ್ ಬಾಯಿ ತೆರೆಯುವ ಮೊದಲೇ ಉತ್ತರ ತನಗೆ ಗೊತ್ತಿರುತ್ತದೆ, ಇಲ್ಲಿ ಗಂಟೆ ಹೊಡೆದ ಮೇಲೂ ಗೊತ್ತಾಗುವುದಿಲ್ಲ, ಮನೆಗೆ ಹೋಗುವಾಗ ಬಸ್ಸಿನಲ್ಲೂ ಅದೇ ಯೋಚನೆ ಬರುತ್ತದೆ, ತನಗೆ ಈ ಕ್ಲಾಸು ಬಿಡಲು ಇಷ್ಟವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಇಪ್ಪತ್ತು ವರ್ಷ ಪಾಠ ಮಾಡಿದರೂ ಇಂಥ ಮಾತು ಟೀಚರಿಗೆ ಒಂದೆರಡು ಸಲ ಕೇಳಸಿಗುತ್ತದೆ ಅಷ್ಟೆ. ಆ ಹುಡುಗಿಯನ್ನು ಬಿಟ್ಟುಕೊಡಬಾರದೆಂದು ಅಲ್ಲೇ ತೀರ್ಮಾನಿಸಿದೆ.

"ಆಂಟಿ, ಪ್ಲೀಸ್, ನೀವೇ ಅಪ್ಪಂಗೆ ಹೇಳಿ" ಎಂದಳು.

"ನಾನು ಹೇಳಿದರೆ ಅದು ಟೀಚರ್ ಮಾತಾಗುತ್ತೆ. ಕ್ಲಾಸಲ್ಲಿ ಕೂರೋಳು ನೀನು. ಶುಕ್ರವಾರ ನೀನು ಮಾತಾಡು, ನಾನು ಪಕ್ಕದಲ್ಲಿರ್ತೀನಿ."

ಅವಳ ಮುಖ ಬಾಡಿತು. ಅಪ್ಪನಿಗೆ ಎದುರಾಡುವುದು ಅವರ ಮನೆಯಲ್ಲಿ ರೂಢಿಯಲ್ಲಿರಲಿಲ್ಲ. ಅವರೇನೂ ಜೋರು ಮಾಡುವವರಲ್ಲ, ಮಗಳೆಂದರೆ ಜೀವ ಬಿಡುವ ಮನುಷ್ಯ. ಅಂಥವರಿಗೆ ಎದುರಾಡುವುದು ಇನ್ನೂ ಕಷ್ಟ ಎಂಬುದು ನನಗೂ ಗೊತ್ತಿತ್ತು. ವಾದ ಮಾಡುವುದೆಂದರೆ ಜಗಳವಲ್ಲ, ಮೊದಲು ಎದುರಿನವರ ಮಾತಿನಲ್ಲಿರುವ ಸರಿಯನ್ನು ಒಪ್ಪಿಕೊಂಡು ಶುರುಮಾಡು ಎಂದಷ್ಟೇ ಹೇಳಿ ಕಳಿಸಿದೆ.

ಶುಕ್ರವಾರ ಮಧ್ಯಾಹ್ನ ವಿರೂಪಾಕ್ಷ ಮತ್ತು ಅವರ ಹೆಂಡತಿ ಶೈಲಜಾ ಬಂದರು. ವಿರೂಪಾಕ್ಷ ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಪೆನ್ನನ್ನು ಜೇಬಿನಿಂದ ತೆಗೆದು ಕೈಯಲ್ಲೇ ಹಿಡಿದು ಕೂತರು. ಪಲ್ಲವಿ ಅವರೆದುರು ಕೂತಳು. ಇಂಗ್ಲಿಷಿನಲ್ಲಿ ಶುರುಮಾಡಿದವಳು ಅಪ್ಪನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅವಳು.

"ಅಪ್ಪಾ, ನೀವು ಹೇಳಿದ್ದು ಕರೆಕ್ಟ್ ಅದ. ಮಾರ್ಕ್ಸ್ ಭಾಳ ಕಡಿಮಿ ಬಂದದ. ರೀಡಿಂಗ್ ಭಾಳ ಅದ. ಎಂಜಿನಿಯರಿಂಗಿಗೆ ಇದು ಬೇಕಾಗೂದಿಲ್ಲ."

"ಮತ್ತ? ಅದನ್ನ ನಾನೂ ಹೇಳಾಕ್ಹತ್ತೀನಿ" ಎಂದು ವಿರೂಪಾಕ್ಷ ಪೆನ್ನಿನ ಕ್ಯಾಪು ತೆಗೆದರು.

"ಆದ್ರ ಹೋದ ವರ್ಷ ಕೆಮಿಸ್ಟ್ರಿಯೊಳಗೂ ಫಸ್ಟ್ ಟೆಸ್ಟ್ ಫೇಲ್ ಆಗಿದ್ದೆ. ಅವಾಗ ನೀವು ಬಿಡು ಅನ್ಲಿಲ್ಲ. ಟ್ಯೂಟರ್ ಹಚ್ಚಿದ್ರಿ. ಅದಕ್ಕ ಮಾರ್ಕ್ಸ್ ಮೇನ್ ರೀಸನ್ ಅಲ್ಲ."

ಅವರ ಕೈ ನಿಂತಿತು. ನಾನು ಕುರ್ಚಿಯ ತುದಿಗೆ ಬಂದೆ.

"ಕ್ಲಾಸ್ ಬಿಡು ಅಂತ ನೀವು ಯಾವಾಗ ಹೇಳಿದ್ರಿ ಅಂತ ನಾನು ಥಿಂಕ್ ಮಾಡಿದೆ. ಪ್ರತಿ ಸಲ ಸಂಡೇನ ಹೇಳ್ತೀರಿ. ಫ್ರೈಡೇ ಸಂಜಿಕೆ ಬಾ, ವಾಕ್ ಹೋಗೂಣು ಅಂತೀರಿ, ನಾನು ರೀಡಿಂಗ್ ಅದ ಅಂತೀನಿ. ಸ್ಯಾಟರ್ಡೇ ಕೇಳ್ತೀರಿ, ಮತ್ತ ರೀಡಿಂಗ್ ಅಂತೀನಿ. ಸಂಡೇ ನಿಮಗ ಸಿಟ್ಟು ಬರ್ತದ. ಮಂಡೇ ಹೋಗಿಬಿಡ್ತೀರಿ." ಅವಳು ಅಪ್ಪನ ಕೈಯಲ್ಲಿದ್ದ ಪೆನ್ನನ್ನೇ ನೋಡಿದಳು. "ನಿಮಗ ಹಿಸ್ಟರಿ ಮ್ಯಾಲ ಸಿಟ್ಟಿಲ್ಲ, ಅಪ್ಪಾ. ನಾನು ನಿಮಗ ಸಿಗವಲ್ಲೆ, ಅದಕ್ಕ."

ಜಮೀನು ಮಾರುವವನ ಮೇಲೆ ನಾನು ಹೇಳಿಕೊಟ್ಟ ಪ್ರಶ್ನೆಗಳನ್ನು ಈ ಹುಡುಗಿ ತನ್ನ ಅಪ್ಪನ ಸಿಟ್ಟಿನ ಮೇಲೆ ಕೇಳಿದ್ದಳು. ಅದೂ ಇಷ್ಟು ಪ್ರೀತಿಯಿಂದ.

ವಿರೂಪಾಕ್ಷ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದರು. "ಮತ್ತೇನು ಮಾಡ್ಲಿ?" ಎಂದರು ಕೊನೆಗೆ. "ಇನ್ನೊಂದೆರಡು ವರ್ಷಕ್ಕ ಕಾಲೇಜಿಗೆ ಹೋಗ್ತಿ. ವಾರಕ್ಕ ಮೂರು ದಿನ ಸಿಗ್ತಿ ನೀ ನನಗ. ಆ ಮೂರು ದಿನದಾಗೂ ಆ ದಪ್ಪ ಪುಸ್ತಕ ನಡುವ ಬರ್ತದ."

"ಇದನ್ನ ಮೊದಲ ಹೇಳಬಾರದಿತ್ತೇನ್ರಿ?" ಎಂದು ಶೈಲಜಾ ಗಂಡನ ಕಡೆ ತಿರುಗಿದರು. "ಹೋದ ವಾರದಿಂದ ಮಾರ್ಕ್ಸ್, ಮಾರ್ಕ್ಸ್ ಅಂತ ನನ್ನ ತಲಿ ತಿಂದ್ರಿ."

ವಿರೂಪಾಕ್ಷ ನಕ್ಕುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಈಗ ಹೇಳಿದ್ಲಲ್ರಿ, ಇದಕ್ಕ ಏಳಕ್ಕ ಎಷ್ಟು ಕೊಡ್ತೀರಿ?" ಎಂದು ಕೇಳಿದರು.

"ಆರು ಕೊಡಬಹುದು ಸರ್. ಕನ್‌ಕ್ಲೂಷನ್ ಇನ್ನೂ ಹೇಳಿಲ್ಲ ಅವಳು."

ಪಲ್ಲವಿ ಒಂದು ಕ್ಷಣ ಯೋಚಿಸಿದಳು. ತಾನು ಕ್ಲಾಸು ಬಿಡುವುದಿಲ್ಲ ಎಂದಳು. ಗುರುವಾರ ಅಪ್ಪ ಲಾಸ್ ಕೊಲಿನಾಸ್ ಬಿಟ್ಟು ಐ-35 ಹೈವೇ ಹಿಡಿದಾಗ ಫೋನ್ ಮಾಡಬೇಕು, ಕಾರಿನ ಸ್ಪೀಕರಿನಲ್ಲಿ ತಾನು ಆ ವಾರದ ಅಧ್ಯಾಯ ಓದುತ್ತೇನೆ, ಅವರು ಕೇಳಬೇಕು. ಅಷ್ಟು ದೂರ ಬರುವಷ್ಟರಲ್ಲಿ ಓದು ಮುಗಿಯುತ್ತದೆ, ಶುಕ್ರವಾರ ಸಂಜೆ ವಾಕಿಂಗ್ ಹೋಗಬಹುದು. ವಿರೂಪಾಕ್ಷ ಪೆನ್ನಿನ ಕ್ಯಾಪು ಮುಚ್ಚಿ ಜೇಬಿಗಿಟ್ಟರು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಆದರ ಕೆಮಿಸ್ಟ್ರಿ ಬ್ಯಾರೆ, ಹಿಸ್ಟರಿ ಬ್ಯಾರೆ. ಆ ಪಾಯಿಂಟ್ ನಾ ಒಪ್ಪೂದಿಲ್ಲ" ಎಂದರು. "ಯಾಕ ಬ್ಯಾರೆ?" ಎಂದು ಪಲ್ಲವಿ ಹಿಂದೆಯೇ ಹೋದಳು. ಪಾರ್ಕಿಂಗ್ ಲಾಟಿನ ತನಕ ಅಪ್ಪ ಮಗಳ ವಾದ ನನಗೆ ಕೇಳಿಸುತ್ತಿತ್ತು.

ಆ ಗುರುವಾರಗಳ ಸಮಾಚಾರ ನನಗೆ ಶೈಲಜಾ ಬಾಯಿಂದ ಸಿಗುತ್ತಿತ್ತು. ಶುರುವಿನಲ್ಲಿ ವಿರೂಪಾಕ್ಷ ಸುಮ್ಮನೆ ಹೂಂಗುಟ್ಟುತ್ತಿದ್ದರಂತೆ. ಎರಡು ಮೂರು ವಾರ ಕಳೆದ ಮೇಲೆ ಪ್ರಶ್ನೆ ಕೇಳತೊಡಗಿದರು. ಆಮೇಲೆ ಪ್ರತಿಯೊಂದಕ್ಕೂ ತಕರಾರು. ಅರ್ಧ ದಾರಿಯಲ್ಲಿ ವೇಕೊ ದಾಟುವಾಗ ಶುರುವಾದ ಜಗಳ ಮನೆ ಹತ್ತಿರದ ಜಾರ್ಜ್‌ಟೌನ್ ಬಂದರೂ ಮುಗಿಯುತ್ತಿರಲಿಲ್ಲ. ಪಲ್ಲವಿ ಸೋಮವಾರ ಕ್ಲಾಸಿಗೆ ಬಂದಾಗ ಅವಳ ವಾದ ಆಗಲೇ ಒಂದು ಸುತ್ತು ಏಟು ತಿಂದು ಗಟ್ಟಿಯಾಗಿರುತ್ತಿತ್ತು. ಅವಳ ಪ್ರಬಂಧಗಳಲ್ಲಿ ಇಸವಿಗಳು ಕಡಿಮೆಯಾಗುತ್ತ, 'ನನ್ನ ಪ್ರಕಾರ' ಎಂಬುದು ಮೊದಲ ಸಾಲಿನಲ್ಲೇ ಬರತೊಡಗಿತು. ವಸಂತದಲ್ಲಿ ಪೋಷಕರ ಸಭೆಗೆ ಬಂದಾಗ ವಿರೂಪಾಕ್ಷ ತಾವಾಗಿಯೇ ಹೇಳಿದರು: "ಮೊದಲು ಟ್ರಾಫಿಕ್ ಇರಬಾರದಪ್ಪ ಅಂತಿದ್ದೆ ಮೇಡಂ. ಈಗ ಚಾಪ್ಟರ್ ಮುಗಿಯೋತನಕ ಟ್ರಾಫಿಕ್ ಇರ್ಲಿ ಅನಸ್ತದ."

ಒಂದು ಗುರುವಾರ ಸಂಜೆ ಅವರ ಕಾರು ಮನೆ ಮುಂದೆ ಬಂದು ನಿಂತ ಸದ್ದಾಯಿತಂತೆ. ಎಷ್ಟು ಹೊತ್ತಾದರೂ ಗಂಡ ಒಳಗೆ ಬರಲಿಲ್ಲವೆಂದು ಶೈಲಜಾ ಹೊರಗೆ ಹೋಗಿ ನೋಡಿದರೆ, ಅವರು ಡ್ರೈವರ್ ಸೀಟಿನಲ್ಲೇ ಕೂತು ಕೈ ಬೀಸಿಕೊಂಡು ವಾದ ಮಾಡುತ್ತಿದ್ದರು. ಸ್ಪೀಕರಿನಲ್ಲಿ ಮಗಳ ದನಿ. ಮಗಳು ಮಹಡಿಯ ಮೇಲೆ ತನ್ನ ಕಿಟಕಿಯಲ್ಲಿ ನಿಂತು, ಕೆಳಗಿನ ಕಾರನ್ನು ನೋಡುತ್ತಲೇ ಫೋನಿನಲ್ಲಿ ಮಾತಾಡುತ್ತಿದ್ದಳು. ಶೈಲಜಾ ಕಾರಿನ ಗಾಜು ಬಡಿದು, ಅನ್ನ ಆರಿ ಹೋಯಿತು, ಇಬ್ಬರೂ ಒಂದೇ ಮನೆಯಲ್ಲಿದ್ದೀರಿ ಎಂದು ನೆನಪಿಸಬೇಕಾಯಿತು.

ಪಲ್ಲವಿ ಮುಂದೆ ಎಂಜಿನಿಯರಿಂಗನ್ನೇ ಓದಿದಳು. ನನಗೇನೂ ಬೇಸರವಿಲ್ಲ. ನಾನು ಇನ್ನೂ ಕೆಲವು ವರ್ಷ ಆ ಕೋರ್ಸನ್ನು ನಡೆಸಿ ನಿವೃತ್ತಳಾದೆ. ಅಂಕಗಳ ಬಗ್ಗೆ ಜಗಳಕ್ಕೆ ಬರುವ ಪೋಷಕರನ್ನು ಕಂಡರೆ ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ಶುಕ್ರವಾರದ ನಂತರ ಅಂಥವರು ಬಂದರೆ ಕೂರಿಸಿ, ನೀರು ಕೊಟ್ಟು, 'ವಾರದಲ್ಲಿ ಮಗು ನಿಮ್ಮ ಕೈಗೆ ಎಷ್ಟು ಹೊತ್ತು ಸಿಗುತ್ತೆ?' ಎಂದು ಕೇಳುವುದನ್ನು ರೂಢಿಮಾಡಿಕೊಂಡೆ. ಎಷ್ಟೋ ಸಲ ಅವರು ಉತ್ತರ ಹೇಳುತ್ತ ಹೇಳುತ್ತ ತಾವು ಕೇಳಲು ಬಂದ ಅಂಕಗಳನ್ನು ಮರೆತು ಎದ್ದು ಹೋದರು.