ಮಾಳಿಗೆ ಮೇಲಿನ ತಿಗ್ರಿನ್ಯಾ

ಹರಪನಹಳ್ಳಿಯ ನಮ್ಮ ಮನೆಯ ಮಾಳಿಗೆಯಲ್ಲಿ ಆಗ ಫಾರ್ಮಸಿ ಓದುವ ಇಬ್ಬರು ಆಫ್ರಿಕದ ಹುಡುಗರು ಬಾಡಿಗೆಗಿದ್ದರು. ಒಬ್ಬ ಎರಿಟ್ರಿಯದ ಅಸ್ಮಾರದವನು, ಇನ್ನೊಬ್ಬ ಗಡಿಯಾಚೆಯ ಇಥಿಯೋಪಿಯದವನು. ದೇಶ ಎರಡಾದರೂ ಮನೆಮಾತು ಒಂದೇ, ತಿಗ್ರಿನ್ಯಾ. ಇಬ್ಬರೂ ಒಂದೇ ಹಳೆಯ ಕ್ರೈಸ್ತ ಪಂಥದವರು. ಬುಧವಾರ, ಶುಕ್ರವಾರ ಉಪವಾಸ. ಅಂದು ಹಾಲು, ತುಪ್ಪವನ್ನೂ ಮುಟ್ಟುತ್ತಿರಲಿಲ್ಲ. ನಮ್ಮತ್ತೆಗೆ ಅದು ಬಲು ಮೆಚ್ಚುಗೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವುದು ಮಾತ್ರ ಸೇರುತ್ತಿರಲಿಲ್ಲ.

"ಎಂಜಲ ಆಗಂಗಿಲ್ಲೇನ್ರಪ್ಪಾ?"

"ನಮ್ ಕಡಿ ಹಿಂಗ ಅಜ್ಜಿ" ಎಂದು ಒಬ್ಬರ ಬಾಯಿಗೊಬ್ಬರು ತುತ್ತಿಟ್ಟು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಎರಡೂ ದೇಶಗಳ ನಡುವೆ ಯುದ್ಧ ಹತ್ತಿತು. ನಲ್ಲಿಯ ಬಳಿ ಎರಡು ತಟ್ಟೆ ಕಾಣತೊಡಗಿದವು. ಮೇಲಿನಿಂದ ರೇಡಿಯೋ ಮಾತ್ರ ಕೇಳುತ್ತಿತ್ತು, ಅವರ ದನಿಯಿಲ್ಲ. ಒಬ್ಬ ಮೆಟ್ಟಿಲಿಳಿಯುವಾಗ ಇನ್ನೊಬ್ಬ ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವಾಗಲೂ ನನಗೆ ಮನೆಯದೇ ದಿಗಿಲು.

ಒಂದು ಮಧ್ಯಾಹ್ನ ಅಸ್ಮಾರದವನು ಎಸ್‌ಟಿಡಿ ಬೂತಿನಿಂದ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾರ, ನನ್ ತಮ್ಮ ಯುದ್ಧದಾಗ ಸತ್ತ" ಎಂದಷ್ಟೇ ಹೇಳಿ ಮೇಲೆ ಹತ್ತಿದ.

ಇನ್ನೊಬ್ಬ ಕೋಣೆಯಲ್ಲೇ ಇದ್ದ. ಕೂಗಾಟ ಕೇಳಿತು, ಕುರ್ಚಿ ಉರುಳಿದ ಸದ್ದು. ನಾನು ಓಡಿದೆ, ಅತ್ತೆ ಹಿಂದೆಯೇ ಬಂದರು. ಅಸ್ಮಾರದವನು ಗೆಳೆಯನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಗೆಳೆಯ ಕೈ ಎತ್ತಿರಲಿಲ್ಲ. "ಹವೆಯ್, ಹವೆಯ್" ಎನ್ನುತ್ತಿದ್ದ. ಅವರ ಮಾತಿನಲ್ಲಿ ಅಣ್ಣನಿಗೂ ತಮ್ಮನಿಗೂ ಅದೇ ಕರೆ.

"ಬಿಡಪಾ, ಇವನೇನ್ ಮಾಡ್ಯಾನ?" ಅತ್ತೆ ಅವನ ಮುಂಗೈ ಹಿಡಿದರು.

ಎಷ್ಟೋ ಹೊತ್ತಿಗೆ ಅವನ ಬೆರಳು ಸಡಿಲಾದವು. ಅತ್ತೆಯ ಭುಜಕ್ಕೆ ಹಣೆಯಿಟ್ಟು ಅತ್ತ. ಗೆಳೆಯ ಕುರ್ಚಿ ಎತ್ತಿಟ್ಟು, ಅವನ ಕಾಲ ಬಳಿ ನೆಲದ ಮೇಲೆ ಕೂತ. ಸಂಜೆವರೆಗೂ ಏಳಲಿಲ್ಲ. ಆಮೇಲೂ ಅವರು ಹೆಚ್ಚು ಮಾತಾಡಲಿಲ್ಲ. ಪರೀಕ್ಷೆ ಮುಗಿಸಿ ಬೇರೆ ಬೇರೆ ದಿನ ಊರು ಬಿಟ್ಟರು.

ಮರುವರ್ಷ ಅಸ್ಮಾರದಿಂದ ಲಕೋಟೆ ಬಂತು. ಎರಿಟ್ರಿಯದಿಂದ ಇಥಿಯೋಪಿಯಕ್ಕೆ ಅಂಚೆ, ಫೋನು ಎರಡೂ ನಿಂತಿವೆ, ಒಳಗಿನ ಕಾಗದ ಗೆಳೆಯನಿಗೆ ಕಳಿಸುತ್ತೀರಾ ಎಂದು ಇಂಗ್ಲಿಷಿನಲ್ಲಿ ಬರೆದು, ಅವನ ವಿಳಾಸ ಕೊಟ್ಟಿದ್ದ. ಕಾಗದ ತಿಗ್ರಿನ್ಯಾದಲ್ಲಿತ್ತು. ನಮ್ಮ ಕಾಗುಣಿತದಂತೆ ಒಂದೊಂದು ಅಕ್ಷರದಲ್ಲೂ ಸ್ವರ ಬೆರೆತ ಲಿಪಿ. ಆ ಹೋಲಿಕೆ ಗುರುತಿಸಿದೆ, ಮಾತು ತಿಳಿಯಲಿಲ್ಲ.

"ಏನ್ ಬರದಾನ? ಮತ್ತ ಜಗಳಾನ ಏನು?" ಅತ್ತೆ ಆತಂಕದಿಂದ ಕೇಳಿದರು.

"ಗೊತ್ತಿಲ್ರಿ ಅತ್ತಿ."

ಕಳಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕಳಿಸಿದೆ. ಎರಡು ತಿಂಗಳ ಮೇಲೆ ಇಥಿಯೋಪಿಯದಿಂದ ಉತ್ತರ ಬಂತು, ಎಂಟು ಹಾಳೆಯದು. ಹೊಸ ಲಕೋಟೆಗೆ ಹಾಕಿ ಅಂದೇ ಅಸ್ಮಾರಕ್ಕೆ ಅಂಚೆ ಮಾಡಿದೆ.